ಬಾಡಿಗೆ ಬಾಕಿ: ಆ ಲಕೋಟೆಗಳನ್ನು ಇವತ್ತೇ ತೆರೆಯಿರಿ

ಪ್ರಶ್ನೆ: ಮೇಡಂ, ನಾನು ಇಂಗ್ಲೆಂಡಿನಲ್ಲಿ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಬಾಡಿಗೆಗೆ ಕೊಟ್ಟ ಮನೆಯಲ್ಲಿದ್ದೇನೆ. ಪತಿ ತೀರಿಕೊಂಡಿದ್ದಾರೆ, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ವೃದ್ಧರ ಆರೈಕೆ ಮನೆಯಲ್ಲಿ ನನ್ನ ಕೆಲಸ. ವಾರಕ್ಕೆ 36 ಗಂಟೆ ಇದ್ದದ್ದನ್ನು 20ಕ್ಕೆ ಇಳಿಸಿದರು. ಬಾಡಿಗೆ ವಾರಕ್ಕೆ 112 ಪೌಂಡ್, ಬಾಕಿ ಈಗ 1,344 ಪೌಂಡ್. ಕ್ರೆಡಿಟ್ ಕಾರ್ಡಿಗೆ ಮಾತ್ರ ತಿಂಗಳಿಗೆ 85 ಪೌಂಡ್ ತಪ್ಪದೆ ಕಟ್ಟುತ್ತಿದ್ದೇನೆ, ಅವರ ಫೋನಿಗೆ ಹೆದರಿ. ಮನೆ ಬಿಡಿಸುವ ನೋಟಿಸ್ ಬಂದಿದೆ. ಇನ್ನೂ ಮೂರು ಲಕೋಟೆಗಳನ್ನು ತೆರೆದಿಲ್ಲ. ಬಳೆ ಅಡವಿಡಲೇ, ಬೀಗದ ಕೈ ಕೊಟ್ಟು ಗೆಳತಿಯ ಮನೆಗೆ ಹೋಗಿಬಿಡಲೇ? ಸರ್ಕಾರದ ಹಣ ಕೇಳಲು ಮನಸ್ಸು ಒಪ್ಪುತ್ತಿಲ್ಲ.
– ಹೆಸರು ಬೇಡ

ಉತ್ತರ: ತಂಗಿ, ಬೀಗದ ಕೈ ಕೊಡಬೇಡಿ. ನೀವಾಗಿಯೇ ಮನೆ ಬಿಟ್ಟರೆ, ಬೇಕೆಂದೇ ಮನೆ ಕಳೆದುಕೊಂಡಿರಿ ಎಂದು ಕೌನ್ಸಿಲ್ ತೀರ್ಮಾನಿಸಬಹುದು. ಮುಂದೆ ಮನೆ ಕೇಳುವಾಗ ಅದೇ ಅಡ್ಡ ಬರುತ್ತದೆ. ನೋಟಿಸ್ ಬಂದ ಮಾತ್ರಕ್ಕೆ ಯಾರೂ ನಿಮ್ಮನ್ನು ಹೊರಹಾಕಲಾರರು, ಅದಕ್ಕೆ ನ್ಯಾಯಾಲಯದ ಆದೇಶ ಬೇಕು. ನಿಮ್ಮದು ಭದ್ರ ಬಾಡಿಗೆ ಕರಾರಾಗಿದ್ದರೆ (ಇಂಗ್ಲಿಷಿನಲ್ಲಿ ‘ಸೆಕ್ಯೂರ್ ಟೆನೆನ್ಸಿ’), ಹೊರಹಾಕುವುದು ನ್ಯಾಯವೇ ಎಂದು ನ್ಯಾಯಾಧೀಶರು ತೂಗಿ ನೋಡಲೇಬೇಕು. ವಾರದ ಬಾಡಿಗೆಯ ಜೊತೆಗೆ ಬಾಕಿಗೆ ಇಂತಿಷ್ಟು ಕಟ್ಟುತ್ತಾ ಅಲ್ಲೇ ಇರಿ ಎಂದು ಆದೇಶ ಕೊಟ್ಟದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹತ್ತೊಂಬತ್ತು ವರ್ಷ ಸಲಹಾ ಕೇಂದ್ರದ ಮೇಜಿನ ಹಿಂದೆ ಕುಳಿತವಳು ನಾನು. ಒಮ್ಮೆ ಒಬ್ಬರು ಬಾಸುಮತಿ ಅಕ್ಕಿಯ ಜಿಪ್ ಚೀಲದ ತುಂಬ ತೆರೆಯದ ಲಕೋಟೆಗಳನ್ನು ತಂದು ಸುರಿದರು. ನ್ಯಾಯಾಲಯದ ದಿನಾಂಕವೂ ಅದರಲ್ಲೇ ಇತ್ತು, ಕಳೆದು ಒಂಬತ್ತು ದಿನವಾಗಿತ್ತು. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಆ ಮೂರು ಲಕೋಟೆಗಳನ್ನು ಇದನ್ನು ಓದಿದ ಕೂಡಲೇ ತೆರೆಯಿರಿ.

ನಂತರ ಕೌನ್ಸಿಲ್ಲಿನ ಬಾಡಿಗೆ ವಿಭಾಗಕ್ಕೆ ಫೋನ್ ಮಾಡಿ. ಕೌನ್ಸಿಲ್ಲಿನಂಥ ಸಾಮಾಜಿಕ ವಸತಿಯ ಮಾಲೀಕರು ನ್ಯಾಯಾಲಯಕ್ಕೆ ಹೋಗುವ ಮೊದಲು ಪಾಲಿಸಬೇಕಾದ ನಿಯಮಾವಳಿಯೊಂದಿದೆ. ನಿಮ್ಮ ಆದಾಯ, ಖರ್ಚು ನೋಡಿ ನಿಮಗೆ ಕಟ್ಟಲು ಆಗುವಷ್ಟು ಕಂತನ್ನು ನಿಮ್ಮೊಂದಿಗೆ ಮಾತಾಡಿ ಗೊತ್ತುಮಾಡಬೇಕು. ಒಪ್ಪಂದದಂತೆ ನೀವು ಕಟ್ಟುತ್ತಿರುವವರೆಗೆ ಮೊಕದ್ದಮೆಯನ್ನು ಮುಂದೂಡಬೇಕು. ಇಲ್ಲಿಯೇ ನಮ್ಮವರು ಎಡವುವುದು. ಮಾನ ಹೋಗಬಾರದೆಂದು ವಾರಕ್ಕೆ ಐವತ್ತು ಪೌಂಡ್ ಕಟ್ಟುತ್ತೇನೆ ಎಂದು ಒಪ್ಪಿಕೊಂಡು ಮೂರನೆಯ ವಾರವೇ ತಪ್ಪುತ್ತಾರೆ. ಐದು ಪೌಂಡ್ ಮಾತ್ರ ಸಾಧ್ಯವಿದ್ದರೆ ಐದೇ ಹೇಳಿ, ಖರ್ಚಿನ ಲೆಕ್ಕ ತೋರಿಸಿ, ಒಂದು ವಾರವೂ ತಪ್ಪಿಸಬೇಡಿ. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಕೇಳಿ.

ಕಾರ್ಡಿನ ಸಾಲಕ್ಕಿಂತ ಬಾಡಿಗೆ ಮೊದಲು. ಬ್ಯಾಂಕಿನವರು ಜೋರಾಗಿ ಫೋನ್ ಮಾಡಬಹುದು, ಆದರೆ ತಲೆಯ ಮೇಲಿನ ಸೂರು ಹೋಗುವುದು ಬಾಡಿಗೆ ಬಾಕಿಯಿಂದ. ಸಾಲ ಕೊಟ್ಟವರ ಕಾಟ ವಿಪರೀತವಾದರೆ 2021ರಿಂದ ‘ಬ್ರೀದಿಂಗ್ ಸ್ಪೇಸ್’ ಎಂಬ ವ್ಯವಸ್ಥೆಯಿದೆ. ಸಾಲ ಸಲಹೆಗಾರರ ಮೂಲಕ ಅದನ್ನು ಪಡೆದರೆ 60 ದಿನ ವಸೂಲಿ ಕ್ರಮ ನಿಲ್ಲುತ್ತದೆ. ಆದರೆ ಆ ದಿನಗಳಲ್ಲಿಯೂ ಚಾಲ್ತಿ ಬಾಡಿಗೆಯನ್ನು ಕಟ್ಟುತ್ತಲೇ ಇರಬೇಕು.

ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವಿನ ಹಣ, ಕೇಳುವುದು ಭಿಕ್ಷೆಯಲ್ಲ. 36 ಗಂಟೆ ದುಡಿದಾಗ ನಿಮ್ಮ ಸಂಬಳದಿಂದ ತೆರಿಗೆ ಹಿಡಿದರಲ್ಲವೇ? ಕೆಲಸದಲ್ಲಿದ್ದರೂ ಅರ್ಜಿ ಹಾಕಬಹುದು, ಅದರಲ್ಲಿ ಬಾಡಿಗೆಯ ಪಾಲೂ ಸೇರಿರುತ್ತದೆ. ಮೊದಲ ಹಣ ಬರಲು ಐದು ವಾರ ಹಿಡಿಯುತ್ತದೆ, ಆದ್ದರಿಂದ ನಾಳೆಗೆ ಮುಂದೂಡಬೇಡಿ. ಅರ್ಜಿ ಹಾಕಿದ್ದನ್ನು ಬಾಡಿಗೆ ವಿಭಾಗಕ್ಕೂ ತಿಳಿಸಿ. ಮಗಳ ಕೋಣೆ ಖಾಲಿಯಿದ್ದರೆ ಬಾಡಿಗೆಯ ಲೆಕ್ಕದಲ್ಲಿ 14 ಶೇಕಡಾ ಕಡಿತವಾಗುತ್ತದೆ, ಅಷ್ಟನ್ನು ನೀವೇ ತುಂಬಬೇಕು. ಹಣ ಕೈಗೆ ಬಂದರೆ ಬೇರೆ ಖರ್ಚಿಗೆ ಹೋಗುತ್ತದೆಂಬ ಭಯವಿದ್ದರೆ ಬಾಡಿಗೆಯನ್ನು ನೇರವಾಗಿ ಕೌನ್ಸಿಲ್ಲಿಗೇ ಕಳುಹಿಸಿ ಎಂದು ಕೇಳಿಕೊಳ್ಳಬಹುದು.

ಬಳೆ ಕೈಯಲ್ಲೇ ಇರಲಿ. ಇಷ್ಟೆಲ್ಲ ಮಾಡುವ ಮೊದಲು ಅಡವಿನ ಬಡ್ಡಿಯನ್ನು ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನೋಟಿಸ್ ಕೈಗೆ ಬಂದವರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ಕಾನೂನು ಸಲಹೆ ಸಿಗುತ್ತದೆ. 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ‘ಹೌಸಿಂಗ್ ಲಾಸ್ ಪ್ರಿವೆನ್ಷನ್ ಅಡ್ವೈಸ್ ಸರ್ವಿಸ್’ ಎಂದು ಕೇಳಿ. ಉಚಿತವಾಗಿ ಸಲಹೆ ಕೊಡುವ ಸಂಸ್ಥೆಗಳಾದ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್‌ನವರು ದಾರಿ ತೋರಿಸುತ್ತಾರೆ. ಹೋಗುವಾಗ ನೋಟಿಸ್, ಸಂಬಳದ ಚೀಟಿಗಳು, ಆ ಮೂರು ಲಕೋಟೆಗಳು ಎಲ್ಲವನ್ನೂ ಒಯ್ಯಿರಿ. ಫೋನಿನಲ್ಲಿ ಮಾತಾಡಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. ಏನಾಯಿತೆಂದು ನನಗೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.