ಬ್ಯಾಗ್ ಕಳೆದಿದೆ, ಕಿಲೋ ಲೆಕ್ಕದ ಪರಿಹಾರ ಒಪ್ಪಬೇಕಾ?

ಪ್ರಶ್ನೆ: ಬೇರೆ ದೇಶಕ್ಕೆ ಹೋಗಿ ಬರುವುದಕ್ಕೆ ಒಂದೇ ಟಿಕೆಟ್ ಮಾಡಿಸಿದ್ದೆ. ಹೋಗುವಾಗ ಮಧ್ಯೆ ವಿಮಾನ ಬದಲಿಸಬೇಕಿತ್ತು, ಎರಡನೆಯದು ಬೇರೆ ಸಂಸ್ಥೆಯದು. ಇಳಿದ ಮೇಲೆ ಚೆಕ್-ಇನ್ ಮಾಡಿದ್ದ ಬ್ಯಾಗ್ ಬರಲೇ ಇಲ್ಲ. ಅಲ್ಲೇ ಕೌಂಟರ್‌ನಲ್ಲಿ ದೂರು ಬರೆಸಿ ಚೀಟಿ ತಗೊಂಡೆ. 25 ದಿನ ಆಯ್ತು. ಮೊದಲ ಸಂಸ್ಥೆಯವರು ‘ಅವರನ್ನು ಕೇಳಿ’ ಅಂತಾರೆ. ಎರಡನೆಯವರು ಕಿಲೋಗೆ ಇಷ್ಟು ಅಂತ ಸಣ್ಣ ಮೊತ್ತ ಹೇಳ್ತಾರೆ, ಒಳಗಿದ್ದ ಕ್ಯಾಮೆರಾ ತಮ್ಮ ಹೊಣೆ ಅಲ್ಲ ಅಂತಾರೆ. ಒಪ್ಪಿಕೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ‘ಪೂರ್ತಿ ಪರಿಹಾರ ಸಿಕ್ಕಿದೆ’ ಅಂತ ಬರೆದಿರುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಕಿಲೋ ಲೆಕ್ಕ 1929ರ ವಾರ್ಸಾ ಒಪ್ಪಂದದ ಕಾಲದ್ದು. ಈಗ ಹೆಚ್ಚಿನ ದೇಶಗಳ ನಡುವಿನ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರಲ್ಲಿ ಪ್ರಯಾಣಿಕರ ಬ್ಯಾಗಿಗೆ ತೂಕದ ಮಾತೇ ಇಲ್ಲ. ಒಬ್ಬ ಪ್ರಯಾಣಿಕನಿಗೆ ಇಷ್ಟು ಅಂತ ಒಂದು ಮಿತಿ ಇದೆ. ನಿಮ್ಮದು ಹೋಗಿ ಬರುವ ಒಂದೇ ಟಿಕೆಟ್ ಆಗಿರುವುದರಿಂದ, ನೀವು ಹೊರಟ ದೇಶ ಈ ಒಪ್ಪಂದಕ್ಕೆ ಸೇರಿದ್ದರೆ ಸಾಕು. ಮೊದಲು ಅದನ್ನು ನೋಡಿಕೊಳ್ಳಿ.

ಸೇರಿದ್ದರೆ, ಕಾನೂನು ನಿಮ್ಮ ಕಡೆ ಗಟ್ಟಿಯಾಗಿಯೇ ಇದೆ. ಬ್ಯಾಗ್ ಅವರ ವಶದಲ್ಲಿದ್ದಾಗ ಕಳೆದುಹೋಯಿತು, ಅಷ್ಟೇ. ಯಾರ ತಪ್ಪು, ಎಲ್ಲಿ ತಪ್ಪಿತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬ್ಯಾಗ್ ಬರದಿದ್ದರೆ, ‘ಇನ್ನೂ ಹುಡುಕುತ್ತಿದ್ದೇವೆ’ ಅನ್ನುವ ಉತ್ತರಕ್ಕೆ ನೀವು ಕಾಯಬೇಕಾಗಿಲ್ಲ, ಪರಿಹಾರ ಕೇಳಬಹುದು. ನಿಮ್ಮ ವಿಷಯದಲ್ಲಿ ಆ ಗಡುವು ಆಗಲೇ ದಾಟಿದೆ.

‘ಅವರನ್ನು ಕೇಳಿ’ ಅನ್ನುವುದೂ ನಡೆಯುವುದಿಲ್ಲ. ಇಂಥ ಪ್ರಯಾಣದಲ್ಲಿ ಮೊದಲ ಸಂಸ್ಥೆ, ಕೊನೆಯ ಸಂಸ್ಥೆ, ಬ್ಯಾಗ್ ಯಾರ ಹಾದಿಯಲ್ಲಿ ಕಳೆಯಿತೋ ಆ ಸಂಸ್ಥೆ, ಈ ಮೂವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ನಷ್ಟವನ್ನು ಹೇಗೆ ಹಂಚಿಕೊಳ್ಳುವುದು ಅನ್ನುವುದು ಅವರವರ ತಲೆನೋವು. ಇಬ್ಬರಿಗೂ ಒಂದೇ ಪತ್ರ ಕಳಿಸಿ.

ಈಗ ಹಣದ ವಿಷಯ. 2024ರ ಡಿಸೆಂಬರ್ 28ರಿಂದ ಮಿತಿ 1519 ಎಸ್‌ಡಿಆರ್. ಅದಕ್ಕೂ ಮುಂಚಿನ ಪ್ರಯಾಣವಾದರೆ 1288. ಎಸ್‌ಡಿಆರ್ ಅನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಸೇರಿಸಿ ಅದರ ಬೆಲೆ ಕಟ್ಟುತ್ತಾರೆ. ದಿನದ ದರ ನಿಧಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲಿಯೇ. 1519 ಅನ್ನುವುದು ಗರಿಷ್ಠ ಮಿತಿ, ಸುಮ್ನೆ ಕೈಗೆ ಬರುವ ಮೊತ್ತ ಅಲ್ಲ. ವ್ಯುಯೆಲಿಂಗ್ ಅನ್ನುವ ವಿಮಾನ ಸಂಸ್ಥೆಯ ವಿರುದ್ಧದ ಒಂದು ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರಲ್ಲಿ ಇದನ್ನೇ ಹೇಳಿತು. ಬ್ಯಾಗ್ ಪೂರ್ತಿ ಕಳೆದರೂ ಮಿತಿಯಷ್ಟು ಹಣ ತಾನಾಗಿ ಸಿಗುವುದಿಲ್ಲ, ಒಳಗೆ ಏನಿತ್ತು ಅಂತ ಪ್ರಯಾಣಿಕರೇ ತೋರಿಸಬೇಕು. ಹಾಗಾಗಿ ಪಟ್ಟಿ ಮಾಡುವುದಕ್ಕೆ ಒಂದು ಸಂಜೆ ಪೂರ್ತಿ ಕೂತರೂ ನಷ್ಟವಿಲ್ಲ. ‘ಬಟ್ಟೆಗಳು, ಒಟ್ಟು ಇಷ್ಟು’ ಅಂತ ಒಂದು ಸಾಲು ಬರೆದರೆ ಅವರು ಅರ್ಧಕ್ಕೆ ಇಳಿಸುತ್ತಾರೆ. ‘ಕಪ್ಪು ಉಣ್ಣೆ ಕೋಟು, ಎರಡು ವರ್ಷ ಹಳೆಯದು, ಕೊಂಡ ಬೆಲೆ ಇಷ್ಟು, ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಇಂಥ ತಾರೀಕು’ ಅಂತ ಒಂದೊಂದನ್ನೂ ಬರೆಯಿರಿ. ಬಿಲ್ ಇಲ್ಲದ ವಸ್ತುಗಳಿಗೆ ಹಳೆಯ ಫೋಟೋ, ಆನ್‌ಲೈನ್ ಆರ್ಡರ್‌ನ ಇಮೇಲ್ ಹುಡುಕಿ. ಬ್ಯಾಗಿನ ಬೆಲೆಯನ್ನೂ ಸೇರಿಸಿ, ಅದನ್ನು ಮರೆಯುವವರೇ ಹೆಚ್ಚು. ಇಳಿದ ಮೇಲೆ ಬ್ಯಾಗ್ ಇಲ್ಲದೆ ಕೊಂಡ ಒಳಉಡುಪು, ಸೋಪು, ಔಷಧಿಗಳ ರಸೀದಿಯನ್ನೂ ಲಗತ್ತಿಸಿ. ಮಿತಿ ಮಾತ್ರ ಎಲ್ಲಕ್ಕೂ ಸೇರಿ ಒಂದೇ.

ಕ್ಯಾಮೆರಾ? ಒಪ್ಪಂದಕ್ಕಿಂತ ಕಡಿಮೆ ಹೊಣೆ ಹೊರುವ ಷರತ್ತನ್ನು ಟಿಕೆಟಿನಲ್ಲಿ ಬರೆದುಕೊಂಡರೂ ಅದು ಊರ್ಜಿತವಲ್ಲ ಅಂತ 26ನೇ ವಿಧಿ ಹೇಳುತ್ತದೆ. ಪತ್ರದಲ್ಲಿ ಆ ವಿಧಿಯನ್ನು ಹೆಸರಿಸಿಯೇ ಬರೆಯಿರಿ. ಬೆಲೆಬಾಳುವ ವಸ್ತುವನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದ್ದು ನಿಮ್ಮದೇ ಅಜಾಗರೂಕತೆ ಅಂತ ಅವರು ವಾದಿಸಬಹುದು. ಅದು ಒಪ್ಪಿಗೆಯಾದರೆ ಮೊತ್ತ ಇಳಿಯುತ್ತದೆ. ಆದರೆ ‘ನಮ್ಮ ಹೊಣೆಯೇ ಅಲ್ಲ’ ಅಂತ ಕೈ ತೊಳೆದುಕೊಳ್ಳುವುದು ಬೇರೆ ಮಾತು, ಅಲ್ವಾ?

ಕೌಂಟರಿನ ಚೀಟಿ ಬ್ಯಾಗ್ ಬಂದಿಲ್ಲ ಅನ್ನುವುದಕ್ಕೆ ದಾಖಲೆ. ಹಣ ಕೇಳುವ ಪತ್ರವನ್ನು ಬೇರೆಯಾಗಿಯೇ ಬರೆಯಬೇಕು. ಚೀಟಿ, ಬೋರ್ಡಿಂಗ್ ಪಾಸ್, 10 ಅಂಕಿಯ ಬ್ಯಾಗ್ ಟ್ಯಾಗ್, ಪಟ್ಟಿ ಎಲ್ಲವನ್ನೂ ಲಗತ್ತಿಸಿ ಇಮೇಲ್ ಮಾಡಿ, ಮೂಲಪ್ರತಿ ಕೊಡಬೇಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಉತ್ತರ ಸರಿಯಿಲ್ಲದಿದ್ದರೆ ಗ್ರಾಹಕ ನ್ಯಾಯಾಲಯ ಅಥವಾ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೆ ವಿಮಾನ ತಲುಪಿದ, ಇಲ್ಲವೇ ತಲುಪಬೇಕಿದ್ದ ದಿನದಿಂದ ಎರಡು ವರ್ಷ ಸಮಯ. ದಾಟಿದರೆ ಹಕ್ಕೇ ಹೋಯಿತು. ಇಮೇಲ್ ಮೇಲೆ ಇಮೇಲ್ ಬರುತ್ತಿದೆ ಅಂತ ದಿನ ದೂಡಬೇಡಿ.

ಪ್ರಶ್ನೆ: ನನ್ನ ಬ್ಯಾಗ್ ಬಂತು, ಆದರೆ ಚಕ್ರ ಮುರಿದಿದೆ, ಒಳಗಿನ ಶೂ ಇಲ್ಲ. ಯಾವಾಗ ದೂರು ಕೊಡಬೇಕು?

ಉತ್ತರ: ಬ್ಯಾಗ್ ಕೈಗೆ ಬಂದ ದಿನದಿಂದ 7 ದಿನದೊಳಗೆ, ಬರಹದಲ್ಲಿ. ಶೂ ಹೋಗಿರುವುದನ್ನೂ ಅದೇ ಪತ್ರದಲ್ಲಿ ಸೇರಿಸಿಬಿಡಿ. ದೂರು ಕೊಡದೆ ತೆಗೆದುಕೊಂಡು ಹೋದರೆ ಬ್ಯಾಗ್ ಸರಿಯಾಗಿಯೇ ಇತ್ತು ಅಂತ ಕಾನೂನು ಭಾವಿಸುತ್ತದೆ. ಬ್ಯಾಗ್ ತಡವಾಗಿ ಬಂದಿದ್ದಕ್ಕೆ ದೂರು ಕೊಡುವುದಾದರೆ 21 ದಿನ ಸಿಗುತ್ತದೆ.