ಮರೆವಿಗೆ ಗಾಳಿಯ ಮದ್ದೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮರೆವಿನ ಬಗ್ಗೆ ಬಂದ ಲೇಖನ ಓದಿದೆ. ನಮ್ಮ ಯಜಮಾನರಿಗೆ 56 ವರ್ಷ, ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಸದಸ್ಯರ ಖಾತೆ ನಂಬರುಗಳನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದವರು, ಎರಡು ವರ್ಷಗಳಿಂದ ಸ್ವಂತ ಅಳಿಯನ ಹೆಸರಿಗೂ ತಡವರಿಸತೊಡಗಿದ್ದರು. ನಮ್ಮ ಮಾವನವರಿಗೂ ಕೊನೆಗಾಲದಲ್ಲಿ ಮರೆವಿನ ರೋಗವಿತ್ತು; ಇವರಿಗೂ ಅದೇ ಬಂತೆಂದು ಹೆದರಿದ್ದೆವು. ಶಿವಮೊಗ್ಗದ ವೈದ್ಯರು ಗೊರಕೆಯ ವಿಷಯ ಕೇಳಿ, ನಿದ್ರಾ ಪರೀಕ್ಷೆ ಮಾಡಿಸಿ, ರಾತ್ರಿ ಮುಖಕ್ಕೆ ಹಾಕಿಕೊಳ್ಳುವ, ಒತ್ತಡದ ಗಾಳಿ ಬಿಡುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಐದು ತಿಂಗಳಾಯಿತು. ಹೆಸರುಗಳು ಹಿಂದಿರುಗಿವೆ. 2014ರಲ್ಲಿ ನನ್ನ ತಮ್ಮ ಪಡೆದ ಕೈಸಾಲವೂ ನೆನಪಾಗಿದೆ! ಇದು ನಿಜವೇ, ನಮ್ಮ ಭ್ರಮೆಯೇ? ಸರಿಹೋಯಿತಲ್ಲ, ಇನ್ನು ಯಂತ್ರ ಬಿಡಿ ಎನ್ನುತ್ತಾರೆ ನೆಂಟರು. ಬಿಡಬಹುದೇ?
– ಒಬ್ಬ ಓದುಗರು, ತೀರ್ಥಹಳ್ಳಿ ತಾಲೂಕು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು. ಆ ಲೇಖನದಲ್ಲಿ ಬ್ರಾಹ್ಮಿ ಬಂತು, ಬಾದಾಮಿ ಬಂತು, ಪದಬಂಧವೂ ಬಂತು. ನಿದ್ದೆಯ ಬಗ್ಗೆ ಒಂದು ಸಾಲಿರಲಿಲ್ಲ. ಅಚ್ಚಿಗೆ ಕಳುಹಿಸುವ ಮುನ್ನ ಎರಡು ಸಲ ಓದಿದ ನನಗೂ ಅದು ಕಾಣಲಿಲ್ಲ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ನಂಬಿ ಬೆಳೆದವರು ನಾವು. ಮಧ್ಯಾಹ್ನ ಮೇಜಿನ ಮುಂದೆ, ಬಸ್ಸಿನಲ್ಲಿ, ಮದುವೆ ಮನೆಯ ಕುರ್ಚಿಯಲ್ಲಿ ಕುಳಿತಲ್ಲೇ ಗೊರೆಯುವವರನ್ನು ಕಂಡರೆ 'ಪುಣ್ಯವಂತ' ಎನ್ನುತ್ತೇವೆ. ಹಾಗೆ ಗೊರೆಯುವವರಲ್ಲಿ ಎಷ್ಟೋ ಮಂದಿ ರಾತ್ರಿ ನಿದ್ದೆಯನ್ನೇ ಕಾಣದವರು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಉಸಿರಿನ ದಾರಿಯನ್ನೇ ಮುಚ್ಚುವಷ್ಟು ಕುಸಿಯುತ್ತವೆ. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಿಂದ ಕ್ಷಣಕಾಲ ಎಚ್ಚರಗೊಂಡು ದಾರಿ ತೆರೆಸುತ್ತದೆ. ಗೊರಕೆ ಒಮ್ಮೆಲೇ ನಿಂತು, ಆಮೇಲೆ ದೊಡ್ಡದಾಗಿ ಗುಟುರು ಹಾಕಿದಂತೆ ಕೇಳಿಸುತ್ತದಲ್ಲ, ಅದು ಇದೇ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಕನಿಷ್ಠ 10 ಸೆಕೆಂಡುಗಳ ತಡೆಯನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ ಇಂಥವು ಐದರೊಳಗಿದ್ದರೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಏಳು ಗಂಟೆಯ ನಿದ್ದೆಯಲ್ಲಿ 210 ಸಲ ಯಾರೋ ಭುಜ ಹಿಡಿದು ಅಲುಗಿಸಿದ ಹಾಗೆ. ಬೆಳಿಗ್ಗೆ ಅವರಿಗೆ ಒಂದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು.

ಹಗಲಿನಲ್ಲಿ ಕಂಡದ್ದು ಕೇಳಿದ್ದು ಮಿದುಳಿನಲ್ಲಿ ಭದ್ರವಾಗುವುದು ನಿದ್ದೆಯಲ್ಲಿ. ಆ ನಿದ್ದೆಯೇ ಚೂರುಚೂರಾದರೆ? ನಿಮ್ಮ ಯಜಮಾನರ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಖಾತೆ ಪುಸ್ತಕ ಗೆದ್ದಲು ತಿಂದಿರಲಿಲ್ಲ, ಗುಮಾಸ್ತ ತೂಕಡಿಸುತ್ತಿದ್ದ. ನಿನ್ನೆಯ ಜಮಾ ಖರ್ಚು ಬರೆಯಬೇಕಾದವನೂ ಅವನೇ, ಹತ್ತು ವರ್ಷದ ಹಿಂದಿನ ಪುಟ ಹುಡುಕಿಕೊಡಬೇಕಾದವನೂ ಅವನೇ. ಆದ್ದರಿಂದಲೇ ಹೊಸದು ದಾಖಲಾಗಲಿಲ್ಲ, ಅಳಿಯನ ಹೆಸರಿನಂಥ ಹಳೆಯದೂ ಸಮಯಕ್ಕೆ ಸಿಗಲಿಲ್ಲ. ನಾವು 'ಮರೆವು' ಎನ್ನುವುದರಲ್ಲಿ ಎಷ್ಟೋ ಪಾಲು ಗಮನ ಕೆಟ್ಟದ್ದು. ಗುಮಾಸ್ತನಿಗೆ ಎಚ್ಚರವಾದ ಮೇಲೆ 2014ರ ಪುಟವೂ ಸಿಕ್ಕಿದೆ. (ನಿಮ್ಮ ತಮ್ಮನ ಸಾಲದ ವಿಚಾರದಲ್ಲಿ ಪತ್ರಿಕೆ ತಟಸ್ಥ.)

ಹಾಗಾದರೆ ಭ್ರಮೆಯಲ್ಲ ತಾನೇ? ನಿಮ್ಮ ಮಟ್ಟಿಗೆ ಅಲ್ಲ ಎಂದೇ ನನ್ನ ನಂಬಿಕೆ. ಆದರೆ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಬರೆದರೆ ಇನ್ನೊಂದು ತಪ್ಪು ಮಾಡಿದಂತೆ. ಅಮೆರಿಕದಲ್ಲಿ ಸುಮಾರು 1,100 ರೋಗಿಗಳ ಮೇಲೆ ಆರು ತಿಂಗಳು ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ನಿಜವಾದ ಯಂತ್ರ, ಉಳಿದವರಿಗೆ ಒತ್ತಡವಿಲ್ಲದ ಸೋಗಿನ ಯಂತ್ರ. ನಿಜವಾದ ಯಂತ್ರ ಬಳಸಿದವರ ಹಗಲಿನ ತೂಕಡಿಕೆ ಇಳಿಯಿತು. ನೆನಪಿನ ಪರೀಕ್ಷೆಯಲ್ಲಿ ಮಾತ್ರ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ನೆನಪು ಕುಗ್ಗಿದ್ದ 58 ರೋಗಿಗಳನ್ನಷ್ಟೇ ಆರಿಸಿಕೊಂಡು ಮಾಡಿದ, 2006ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಮೂರು ತಿಂಗಳ ನಂತರ, ರಾತ್ರಿಗೆ ಆರು ಗಂಟೆಗಿಂತ ಹೆಚ್ಚು ಯಂತ್ರ ಬಳಸಿದವರಲ್ಲಿ 68 ಶೇಕಡಾ ಮಂದಿಯ ನೆನಪು ಸಹಜ ಮಟ್ಟಕ್ಕೆ ಬಂದಿತ್ತು. ಎರಡು ಗಂಟೆಯೂ ಬಳಸದವರಲ್ಲಿ 21 ಶೇಕಡಾ. ಅದು ಸಣ್ಣ ಅಧ್ಯಯನ, ಸೋಗಿನ ಯಂತ್ರದ ಹೋಲಿಕೆಯೂ ಇರಲಿಲ್ಲ. ಆದರೂ ನನಗೆ ಇವೆರಡರಲ್ಲಿ ವಿರೋಧ ಕಾಣುವುದಿಲ್ಲ. ಕಳೆದುಕೊಂಡವನಿಗೆ ತಾನೇ ಮರಳಿ ಸಿಗುವುದು?

ಮಾವನವರ ರೋಗ ಇವರಿಗೆ ಬರುವುದೇ ಇಲ್ಲ ಎಂದು ಯಾವ ಯಂತ್ರವೂ ಬರೆದುಕೊಡುವುದಿಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಸಸ್ಯಾಹಾರಿ ಮನೆಗಳಲ್ಲಿ ಬಿ12 ವಿಶೇಷವಾಗಿ. ಆ ರಕ್ತಪರೀಕ್ಷೆಗಳು ಆಗಿಲ್ಲದಿದ್ದರೆ ಮಾಡಿಸಿ.

ಈಗ ನೆಂಟರ ಸಲಹೆ. ಯಂತ್ರದ ಹುಟ್ಟಿನ ಕಥೆ ಹೇಳಿದರೆ ಉತ್ತರವೂ ಅದರಲ್ಲೇ ಇದೆ. 1980ರವರೆಗೆ ತೀವ್ರ ರೋಗಿಗಳಿಗೆ ಇದ್ದ ಖಚಿತ ದಾರಿಯೆಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದು. ಆ ವರ್ಷ ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್, ಗಾಳಿ ಊದುವ ಮೋಟಾರಿಗೆ ಕೊಳವೆ ಜೋಡಿಸಿ, ರೋಗಿಯ ಮೂಗಿನ ಮೂಲಕ ಒತ್ತಡದ ಗಾಳಿ ಬಿಟ್ಟರು. ಗಂಟಲು ಕುಸಿಯಲಿಲ್ಲ. ಮರುವರ್ಷ ಐವರು ರೋಗಿಗಳ ವಿವರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನಿಂದ ಮೂಲ ಉಪಾಯ ಬದಲಾಗಿಲ್ಲ: ಗಾಳಿ ಒಳಗಿನಿಂದ ಗಂಟಲಿಗೆ ಊರುಗೋಲಾಗುತ್ತದೆ, ಅಷ್ಟೇ. ಊರುಗೋಲು ತೆಗೆದರೆ ಅದೇ ರಾತ್ರಿಯೋ, ಕೆಲವೇ ದಿನಗಳಲ್ಲೋ ಗಂಟಲು ಹಳೆಯ ಚಾಳಿಗೆ ಮರಳುತ್ತದೆ. ಈ ಸಲ ಬೋರ್ಡೋ ದ್ರಾವಣ ಹೊಡೆದದ್ದಕ್ಕೆ ಅಡಿಕೆಗೆ ಕೊಳೆ ಬರಲಿಲ್ಲ, ಮುಂದಿನ ಮಳೆಗಾಲಕ್ಕೆ ಬೇಡ ಎನ್ನುವ ತೋಟದವರು ನಿಮ್ಮ ನೆಂಟರಲ್ಲಿ ಇದ್ದಾರೆಯೇ ಕೇಳಿ ನೋಡಿ. ತೂಕ ಚೆನ್ನಾಗಿ ಇಳಿದರೆ ತೊಂದರೆ ತಗ್ಗಬಹುದು. ಆಗಲೂ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರ ಬಿಡುವುದು. ಮದ್ಯ, ಕೇಳದೆ ನುಂಗುವ ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ಎಷ್ಟು ಗಂಟೆ ಬಳಸಿದರೆಂದು ಯಂತ್ರವೇ ಲೆಕ್ಕ ಇಡುತ್ತದೆ. ಲೆಕ್ಕದ ಮನುಷ್ಯರಾದ್ದರಿಂದ ಅವರಿಗೆ ಅದು ಹಿಡಿಸಬಹುದು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂಬ ಭರವಸೆಯಿಲ್ಲ. ಇನ್ವರ್ಟರ್ ಬ್ಯಾಟರಿಯನ್ನು ಈಗಲೇ ನೋಡಿಸಿ. ನೀರು ಬಿಸಿ ಮಾಡಿ ಗಾಳಿಗೆ ತೇವ ಕೊಡುವ ಭಾಗವನ್ನು ಆಫ್ ಮಾಡಿಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಇನ್ನೊಂದು ವಿಷಯ, ನೀವು ಕೇಳದೇ ಇದ್ದದ್ದು. ಗೊರಕೆಯ ಬಗ್ಗೆ ನಮಗೆ ಬರುವ ಪತ್ರಗಳೆಲ್ಲ ಹೆಂಡತಿಯರವು, ಗಂಡಂದಿರ ಗೊರಕೆಯ ಬಗ್ಗೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ತೊಂದರೆ ಹೆಚ್ಚುತ್ತದೆ. ಆದರೆ ಅವರು ಹೇಳುವುದು ಸುಸ್ತು, ತಲೆನೋವು, ನಿದ್ದೆ ಬರುವುದಿಲ್ಲ ಎಂದು. ಇಷ್ಟು ವರ್ಷ ಯಜಮಾನರ ಗೊರಕೆಯ ಅಬ್ಬರದಲ್ಲಿ ನಿಮ್ಮದನ್ನು ಕೇಳಿಸಿಕೊಂಡವರು ಯಾರಿದ್ದರು? ಈಗ ಮನೆ ನಿಶ್ಶಬ್ದವಾಗಿದೆ. ನೀವು ಮಲಗಿದಾಗ ಸ್ವಲ್ಪ ಹೊತ್ತು ಎಚ್ಚರವಾಗಿದ್ದು ಕಿವಿಗೊಡಲು ಯಜಮಾನರಿಗೆ ಹೇಳಿ. ಬೆಳಿಗ್ಗೆ ಮರೆತೆ ಎನ್ನುವ ನೆಪ ಅವರಿಗೆ ಈಗ ಇಲ್ಲ.