ಓದುಗರ ಪ್ರಶ್ನೆ: ಆ್ಯಪ್ ಓಡುತ್ತೆ, ಆದ್ರೆ ಮಾಡ್ಯೂಲ್ ಹತ್ತಲ್ಲ

ಪ್ರಶ್ನೆ: ಎಲಿಮೆಂಟ್ ಎಂಬ ಚಾಟ್ ಆ್ಯಪ್‌ನ ಡೆಸ್ಕ್‌ಟಾಪ್ ಆವೃತ್ತಿಯ ಸೋರ್ಸ್ ಕೋಡ್ ಇಳಿಸಿಕೊಂಡು ನಾನೇ ಬಿಲ್ಡ್ ಮಾಡಿದೆ, ಅಂದರೆ ಓಡುವ ಆ್ಯಪ್ ಆಗಿ ಕಟ್ಟಿದೆ. ಮೆಸೇಜ್ ಹೋಗುತ್ತದೆ, ಬರುತ್ತದೆ. ಆದರೆ ಎನ್‌ಕ್ರಿಪ್ಟ್ ಆದ ರೂಮ್‌ಗಳಲ್ಲಿ ಹಳೆಯ ಮೆಸೇಜ್ ಹುಡುಕಲು ಆಗುತ್ತಿಲ್ಲ. ಎಲ್ಲೂ ಎರರ್ ಬಂದಿಲ್ಲ.

ಉತ್ತರ: ಎರರ್ ಬರೋದೂ ಇಲ್ಲ. ಆ ಹುಡುಕಾಟ ನಡೆಸುವ ಸೆಷಾತ್ ಎಂಬ ನೇಟಿವ್ ಮಾಡ್ಯೂಲ್ (ಬೇರೆಯಾಗಿ ಕಂಪೈಲ್ ಮಾಡಿ ಆ್ಯಪ್‌ಗೆ ಸೇರಿಸುವ ಭಾಗ) ಇಲ್ಲದೆಯೂ ಆ್ಯಪ್ ಆರಾಮಾಗಿ ಓಡುತ್ತದೆ. ಎನ್‌ಕ್ರಿಪ್ಟ್ ಆದ ಮೆಸೇಜ್ ಸರ್ವರ್‌ಗೆ ಓದಲು ಬರಲ್ಲ ಅಲ್ವಾ, ಹಾಗಾಗಿ ಹುಡುಕಾಟಕ್ಕೆ ಬೇಕಾದ ಪದಸೂಚಿ, ಅಂದರೆ ಇಂಡೆಕ್ಸ್, ನಿಮ್ಮ ಕಂಪ್ಯೂಟರಿನಲ್ಲೇ ತಯಾರಾಗಬೇಕು. ಸೆಷಾತ್ ಅನ್ನು ರಸ್ಟ್ ಭಾಷೆಯಲ್ಲಿ ಬರೆದಿದ್ದಾರೆ, ಡೇಟಾವನ್ನು ಎಸ್‌ಕ್ಯೂಎಲ್‌ಸೈಫರ್ ಎಂಬ ಎನ್‌ಕ್ರಿಪ್ಟೆಡ್ ಡೇಟಾಬೇಸ್ ಲಾಕ್ ಮಾಡಿ ಇಡುತ್ತದೆ. ಇದು ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಬರುವುದಿಲ್ಲ, ಬಿಲ್ಡ್:ನೇಟಿವ್ ಸ್ಕ್ರಿಪ್ಟ್ ಬೇರೆಯಾಗಿ ಓಡಿಸಬೇಕು. ಅದಕ್ಕೆ ಮೊದಲು ರಸ್ಟ್ ಮತ್ತು ಪೈಥಾನ್ 3 ಇರಲಿ. ವಿಂಡೋಸ್ ಆದರೆ ವಿಷುಯಲ್ ಸ್ಟುಡಿಯೋದ ಸಿ++ ಬಿಲ್ಡ್ ಟೂಲ್ಸ್ ಕೂಡ ಬೇಕು, ಜೊತೆಗೆ ಪರ್ಲ್ ಭಾಷೆ ಮತ್ತು ನ್ಯಾಸ್ಮ್ ಎಂಬ ಅಸೆಂಬ್ಲರ್. ಮೆಸೇಜ್ ಆ್ಯಪ್‌ಗೆ ಪರ್ಲ್ ಯಾಕಪ್ಪಾ ಅನಿಸುತ್ತದೆ. ಎಸ್‌ಕ್ಯೂಎಲ್‌ಸೈಫರ್ ಬಳಸುವ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಬಿಲ್ಡ್ ಆಗಲು ಅವೆರಡೂ ಬೇಕು, ಅಷ್ಟೇ.

ಪ್ರಶ್ನೆ: ನಾನೇ ಎಲೆಕ್ಟ್ರಾನ್‌ನಲ್ಲಿ (ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಚೌಕಟ್ಟು) ಒಂದು ಚಾಟ್ ಆ್ಯಪ್ ಬರೆಯುತ್ತಿದ್ದೇನೆ. ಮೆಸೇಜ್ ಉಳಿಸಲು ಬೆಟರ್-ಎಸ್‌ಕ್ಯೂಲೈಟ್3 ಎಂಬ ಡೇಟಾಬೇಸ್ ಮಾಡ್ಯೂಲ್ ಹಾಕಿದೆ. ಟರ್ಮಿನಲ್‌ನಲ್ಲಿ ಸರಿ ಇದೆ, ಆ್ಯಪ್ ಒಳಗೆ ಮಾತ್ರ ‘ಮಾಡ್ಯೂಲ್ ವರ್ಷನ್ 115ಕ್ಕೆ ಕಂಪೈಲ್ ಆಗಿದೆ, ಇಲ್ಲಿ 123 ಬೇಕು’ ಅನ್ನೋ ಅರ್ಥದ ಎರರ್. ನನ್ನಲ್ಲಿ ಇರೋದು ನೋಡ್ 20 (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್), ಎಲೆಕ್ಟ್ರಾನ್ 30ರ ಒಳಗೂ ನೋಡ್ 20. ಮತ್ತೆ ಜಗಳ ಎಲ್ಲಿ?

ಉತ್ತರ: ಈ ಅಂಕಣಕ್ಕೆ ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ಹೆಸರು ಒಂದೇ ಆದರೂ ಅವೆರಡೂ ಒಂದೇ ನೋಡ್ ಅಲ್ಲ. ಎಲೆಕ್ಟ್ರಾನ್ ತನ್ನ ವಿ8 ಜಾವಾಸ್ಕ್ರಿಪ್ಟ್ ಎಂಜಿನ್ ಅನ್ನು ಕ್ರೋಮಿಯಂ ಬ್ರೌಸರ್‌ನಿಂದ ತರುತ್ತದೆ, ಓಪನ್‌ಎಸ್‌ಎಸ್‌ಎಲ್ ಜಾಗದಲ್ಲಿ ಬೋರಿಂಗ್‌ಎಸ್‌ಎಸ್‌ಎಲ್ ಬಳಸುತ್ತದೆ. ಅಂದ ಮೇಲೆ ಎಬಿಐ, ಅಂದರೆ ಕಂಪೈಲ್ ಆದ ಕೋಡ್‌ಗಳು ಪರಸ್ಪರ ಹೊಂದಿಕೊಳ್ಳುವ ರೀತಿ, ಬೇರೆಯೇ. ನೋಡ್ 20ರ ನಂಬರ್ 115, ಎಲೆಕ್ಟ್ರಾನ್ 30ರದ್ದು 123. ನೀವು ಇನ್‌ಸ್ಟಾಲ್ ಮಾಡಿದಾಗ ಬಂದ ಡಾಟ್ ನೋಡ್ ಫೈಲ್ (ಕಂಪೈಲ್ ಆದ ಮಾಡ್ಯೂಲ್) ನಿಮ್ಮ ಟರ್ಮಿನಲ್‌ನ ನೋಡ್‌ಗೆ ಹೊಲಿದ ಅಂಗಿ, ಎಲೆಕ್ಟ್ರಾನ್‌ಗೆ ಹಿಡಿಸಲ್ಲ.

ಎಲೆಕ್ಟ್ರಾನ್-ರೀಬಿಲ್ಡ್ ಎಂಬ ಟೂಲ್ ಓಡಿಸಿ. ಅದು ಎಲೆಕ್ಟ್ರಾನ್‌ನ ಹೆಡರ್ ಫೈಲ್‌ಗಳನ್ನು ತಂದು ಮಾಡ್ಯೂಲ್ ಅನ್ನು ಮತ್ತೆ ಕಂಪೈಲ್ ಮಾಡುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ ಟೆಸ್ಟ್ ಓಡಿಸಿದರೆ ಅದೇ ಎರರ್ ಉಲ್ಟಾ ಬರುತ್ತದೆ, 123 ಇದೆ 115 ಬೇಕು ಅಂತ. ಗಾಬರಿ ಬೇಡ. ಟೆಸ್ಟ್‌ಗಳನ್ನೂ ಎಲೆಕ್ಟ್ರಾನ್ ಒಳಗೇ ಓಡಿಸಿಬಿಡಿ, ಎರಡು ದೋಣಿಯಲ್ಲಿ ಕಾಲಿಡೋದು ಯಾಕೆ? ಇನ್‌ಸ್ಟಾಲ್ ಮುಗಿದ ಕೂಡಲೇ ಓಡುವ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲೂ ರೀಬಿಲ್ಡ್ ಸೇರಿಸಿಡಿ, ಇಲ್ಲದಿದ್ದರೆ ಮುಂದಿನ ಎಲೆಕ್ಟ್ರಾನ್ ಅಪ್‌ಗ್ರೇಡ್ ದಿನ ಮತ್ತೆ ನನಗೇ ಬರೆಯುತ್ತೀರಿ.

ಹೊಸದಾಗಿ ನೀವೇ ಮಾಡ್ಯೂಲ್ ಬರೆಯುವುದಾದರೆ ನೋಡ್-ಎಪಿಐ ಎಂಬ ಸ್ಥಿರ ಇಂಟರ್‌ಫೇಸ್ ಬಳಸಿ. ಅದು ವಿ8 ಅನ್ನು ನೇರವಾಗಿ ಮುಟ್ಟುವುದಿಲ್ಲ, ಹಾಗಾಗಿ ಈ ನಂಬರ್ ತಕರಾರು ಬರಲ್ಲ. ಆದರೆ ಆಪರೇಟಿಂಗ್ ಸಿಸ್ಟಂ ಅಥವಾ ಪ್ರೊಸೆಸರ್ ಬದಲಾದರೆ ಅದನ್ನೂ ಮತ್ತೆ ಬಿಲ್ಡ್ ಮಾಡಲೇಬೇಕು. ಮ್ಯಾಕ್‌ಗೆ ಯೂನಿವರ್ಸಲ್ ಆ್ಯಪ್ ಕೊಡಬೇಕಾದರೆ ಇಂಟೆಲ್‌ಗೆ ಒಂದು, ಆರ್ಮ್‌ಗೆ ಒಂದು ಕಂಪೈಲ್ ಮಾಡಿ ಲೈಪೋ ಎಂಬ ಟೂಲ್‌ನಿಂದ ಸೇರಿಸುತ್ತಾರೆ.

ಪ್ರಶ್ನೆ: ಉಬುಂಟು 22.04ರಲ್ಲಿ ಮಾಡ್ಯೂಲ್ ಬಿಲ್ಡ್ ಮಾಡಿದೆ, ಗೆಳೆಯನ 20.04ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅನ್ನುತ್ತಿದೆ. ಆ ಫೈಲ್ ಅವನಿಗೆ ಕಳಿಸಲಾ?

ಉತ್ತರ: ಬೇಡ, ಬೇಡ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ, ಅದರ ಮೇಲೆ ಅವನ ಇಡೀ ಸಿಸ್ಟಂ ನಿಂತಿದೆ, ಅದನ್ನು ಬದಲಿಸಹೋದರೆ ಕಂಪ್ಯೂಟರ್ ಶುರುವಾಗೋದೇ ಕಷ್ಟ. 22.04ರಲ್ಲಿ ಇರೋದು 2.35, 20.04ರಲ್ಲಿ 2.31. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಆದರೆ ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆ ಅನ್ನೋ ಭರವಸೆ ಇಲ್ಲ. ನಿಮ್ಮ ಬಳಕೆದಾರರಲ್ಲಿ ಅತಿ ಹಳೆಯ ಸಿಸ್ಟಂ ಯಾವುದೋ ಅದರದ್ದೇ ಡಾಕರ್ ಇಮೇಜ್ (ಆ ಸಿಸ್ಟಂನ ಸಿದ್ಧ ಪ್ರತಿ, ನಿಮ್ಮ ಕಂಪ್ಯೂಟರಿನಲ್ಲೇ ಪ್ರತ್ಯೇಕವಾಗಿ ಓಡುವಂಥದ್ದು) ತೆಗೆದುಕೊಂಡು ಅದರೊಳಗೆ ಬಿಲ್ಡ್ ಮಾಡಿ.